ಓದುಗರ ಪ್ರಶ್ನೆ: ಡಿಸಿ ಪ್ಲಾಂಟಿನ ಅಲಾರಂ ಕೂಗಿದಾಗ ಮೊದಲು ನೋಡಬೇಕಾದ್ದು ಏನು?

ಪ್ರಶ್ನೆ (ಅಂಕೋಲಾ): ನಾನು ನೋಡಿಕೊಳ್ಳುವ ಟವರಿನಲ್ಲಿ 48 ವೋಲ್ಟ್ ಡಿಸಿ ಪ್ಲಾಂಟ್ (ಉಪಕರಣಗಳಿಗೆ ಡಿಸಿ ಕರೆಂಟು ಕೊಟ್ಟು ಬ್ಯಾಟರಿಯನ್ನೂ ತುಂಬುವ ವ್ಯವಸ್ಥೆ), 600 ಆಂಪಿಯರ್-ಅವರ್ ಬ್ಯಾಟರಿ, ಎಸಿಯನ್ನು ಡಿಸಿ ಮಾಡುವ 50 ಆಂಪಿಯರಿನ ಮೂರು ರೆಕ್ಟಿಫೈಯರ್ ಮಾಡ್ಯೂಲ್ ಇವೆ. ಲೋಡ್ ಸುಮಾರು 60 ಆಂಪಿಯರ್. ಮಳೆಗಾಲ ಶುರುವಾದಾಗ ಕರೆಂಟು ಹೋದರೆ ಎಂಟು ತಾಸು ನಡೆಯುತ್ತಿತ್ತು. ಈಗ ನಾಲ್ಕು ತಾಸಿಗೇ ‘ಬ್ಯಾಟರಿ ಲೋ’ ಕೂಗಿ ಸೈಟ್ ಬಂದ್ ಆಗುತ್ತಿದೆ. ಆಮೇಲೆ ಹೋಗಿ ಅಳೆದರೆ ಬ್ಯಾಟರಿ 48 ವೋಲ್ಟ್ ತೋರಿಸುತ್ತದೆ. ಹಾಗಾದರೆ ಬ್ಯಾಟರಿ ಸರಿಯಿದೆ ಎಂದಾಯಿತಲ್ಲ? ಒಂದು ಮಾಡ್ಯೂಲಿನ ‘ಫೇಲ್’ ದೀಪ ತಿಂಗಳಿಂದ ಉರಿಯುತ್ತಿದೆ. ಅದು ಮೈನರ್ ಅಲಾರಂ ಎಂದು ಬಿಟ್ಟಿದ್ದೇವೆ.

ಉತ್ತರ: ನಿಮ್ಮ ತೊಂದರೆ ಶುರುವಾಗಿರುವುದು ಆ ಮೈನರ್ ಅಲಾರಮ್ಮಿನಿಂದಲೇ ಇರಬೇಕು. ಲೆಕ್ಕ ನೋಡಿ. ಮೂರೂ ಮಾಡ್ಯೂಲ್ ಇದ್ದಾಗ 150 ಆಂಪಿಯರ್ ಸಿಗುತ್ತಿತ್ತು. ಲೋಡಿಗೆ 60 ಹೋದರೂ ಬ್ಯಾಟರಿಗೆ ಅದರ ಸಾಮರ್ಥ್ಯದ ಹತ್ತನೇ ಒಂದು ಭಾಗ, ಅಂದರೆ 60 ಆಂಪಿಯರ್ ಚಾರ್ಜ್ ಕೊಡಲು ಧಾರಾಳ. ಈಗ ಎರಡೇ ಮಾಡ್ಯೂಲ್, 100 ಆಂಪಿಯರ್. ಲೋಡ್ ಕಳೆದರೆ ಬ್ಯಾಟರಿಗೆ ಉಳಿಯುವುದು 40. ಐದು ತಾಸು ಕರೆಂಟಿಲ್ಲದೆ 300 ಆಂಪಿಯರ್-ಅವರ್ ಖರ್ಚಾಯಿತೆನ್ನಿ. ಸೀಸದ ಬ್ಯಾಟರಿಗೆ ತೆಗೆದಷ್ಟೇ ತುಂಬಿದರೆ ಸಾಲದು, ಹತ್ತು ಪ್ರತಿಶತ ಹೆಚ್ಚಿಗೆ ಬೇಕು, ಸುಮಾರು 330. 60 ಆಂಪಿಯರಿನಲ್ಲಿ ಐದೂವರೆ ತಾಸು, 40ರಲ್ಲಿ ಎಂಟು ತಾಸಿಗೂ ಮೇಲೆ. ಕೊನೆಯ ಭಾಗದಲ್ಲಿ ಕರೆಂಟು ತಾನಾಗಿ ಇಳಿಯುವುದರಿಂದ ನಿಜವಾಗಿ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಇನ್ನೊಂದು ಮರ ಲೈನಿನ ಮೇಲೆ ಬಿದ್ದಿರುತ್ತದೆ. ದಿನಾ ಅರೆಹೊಟ್ಟೆಯಲ್ಲಿ ಉಳಿದ ಬ್ಯಾಟರಿಯ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಇಳಿಯುತ್ತದೆ.

ಇನ್ನು ಆ 48 ವೋಲ್ಟಿನ ಮಾತು. ಅದನ್ನು ನಂಬಬೇಡಿ. ವೋಲ್ಟೇಜ್ ಒಂದು ಮಟ್ಟಕ್ಕಿಳಿದರೆ ಕಂಟ್ರೋಲರ್ ಬ್ಯಾಟರಿಯನ್ನು ಲೋಡಿನಿಂದ ಕಳಚುತ್ತದೆ. ಸೆಲ್ಲಿಗೆ 1.8ರಂತೆ 24 ಸೆಲ್ಲಿಗೆ 43.2 ಎಂದು ಇಟ್ಟಿರುವುದುಂಟು. ನಿಮ್ಮ ಪ್ಲಾಂಟಿನ ಸೆಟ್ಟಿಂಗ್ ನೋಡಿಕೊಳ್ಳಿ. ಲೋಡ್ ಕಳಚಿದ ಕೂಡಲೇ ಬರಿದಾದ ಬ್ಯಾಟರಿಯ ವೋಲ್ಟೇಜೂ ಮೇಲೇರಿ ನಿಲ್ಲುತ್ತದೆ. ನೀವು ಅಳೆದದ್ದು ಅದನ್ನು. ಬ್ಯಾಟರಿಯ ಯೋಗ್ಯತೆ ಗೊತ್ತಾಗುವುದು ಲೋಡ್ ಹೊತ್ತಾಗ ಮಾತ್ರ.

ಮೊದಲು ಮಾಡ್ಯೂಲ್ ಸರಿಪಡಿಸಿ. ಫೇಲ್ ಆದದ್ದನ್ನು ಹೊರಗೆಳೆದು, ಸರಿಯಿರುವ ಮಾಡ್ಯೂಲಿನ ಜಾಗಕ್ಕೆ ಹಾಕಿ. ದೀಪ ಅಲ್ಲಿಯೂ ಉರಿದರೆ ಮಾಡ್ಯೂಲ್ ಕೆಟ್ಟಿದೆ. ಅಲ್ಲಿ ಸರಿಯಾಗಿ ನಡೆದರೆ ಹಳೆಯ ಜಾಗದ ಎಂಸಿಬಿ ಅಥವಾ ಹಿಂಬದಿಯ ಕನೆಕ್ಟರ್ ನೋಡಿ. ಸಮುದ್ರದ ಹತ್ತಿರದ ಸೈಟುಗಳಲ್ಲಿ ಉಪ್ಪುಗಾಳಿಗೆ ಕನೆಕ್ಟರಿನ ಪಿನ್ನುಗಳು ಹಸಿರು ಕಿಲುಬು ಹಿಡಿದಿರುತ್ತವೆ. ಫ್ಯಾನಿನ ಮೇಲೆ ಧೂಳೂ ಉಪ್ಪೂ ಸೇರಿ ಗಟ್ಟಿಯಾಗಿ, ಬಿಸಿಯಾಗಿ ನಿಂತುಬಿಡುವ ಮಾಡ್ಯೂಲುಗಳೂ ಕಡಿಮೆಯಲ್ಲ.

ಆಮೇಲೆ ಪೂರ್ತಿ ಒಂದು ದಿನ, ಬೇಕಾದರೆ ನಡುವೆ ಜನರೇಟರ್ ಹಾಕಿಯಾದರೂ, ಬ್ಯಾಟರಿ ತುಂಬಿಸಿ. ನಂತರ ರೆಕ್ಟಿಫೈಯರಿನ ವೋಲ್ಟೇಜನ್ನು ತಗ್ಗಿಸಿ ಲೋಡನ್ನು ಬ್ಯಾಟರಿಗೆ ಬಿಡಿ. ರೆಕ್ಟಿಫೈಯರ್ ಬಂದ್ ಮಾಡಬೇಡಿ, ಬ್ಯಾಟರಿ ಕೈಕೊಟ್ಟರೆ ಅದೇ ಹಿಡಿದುಕೊಳ್ಳಬೇಕು. ಅರ್ಧ ತಾಸಿಗೊಮ್ಮೆ 24 ಸೆಲ್ಲುಗಳನ್ನೂ ಒಂದೊಂದಾಗಿ ಅಳೆದು ಬರೆದಿಡಿ. ಉಳಿದವೆಲ್ಲ 1.95ರಲ್ಲಿರುವಾಗ ಒಂದು ಸೆಲ್ 1.7ಕ್ಕೆ ಜಾರಿದರೆ ಇಡೀ ಸಾಲನ್ನು ಎಳೆದು ಬೀಳಿಸುತ್ತಿರುವುದು ಅದೇ. ಒಟ್ಟು ಸಾಮರ್ಥ್ಯ ಬರೆದದ್ದರ 80 ಪ್ರತಿಶತಕ್ಕಿಂತ ಕೆಳಗಿದ್ದರೆ ಬ್ಯಾಟರಿ ಬದಲಿಸುವ ಕಾಲ ಬಂದಿದೆ.

ಸೆಲ್ ಒಳಗೇ ಶಾರ್ಟ್ ಆಗಿದ್ದರೆ ಬಿಟ್ಟು ಕೂರಬೇಡಿ. ಫ್ಲೋಟ್ ವೋಲ್ಟೇಜ್ (ತುಂಬಿದ ಬ್ಯಾಟರಿಯನ್ನು ತುಂಬಿಯೇ ಇಡುವ ವೋಲ್ಟೇಜ್) 54 ಇದ್ದಲ್ಲಿ 24 ಸೆಲ್ ಹಂಚಿಕೊಂಡರೆ ಒಂದಕ್ಕೆ 2.25. ಒಂದು ಸತ್ತು 23 ಉಳಿದರೆ ಸುಮಾರು 2.35. ಹಗಲೂ ರಾತ್ರಿ ಹೀಗೆ ಹೆಚ್ಚು ಚಾರ್ಜಾದರೆ ಸರಿಯಿದ್ದ ಸೆಲ್ಲುಗಳೂ ಬಿಸಿಯಾಗಿ ಉಬ್ಬುತ್ತವೆ.

ಕೈಯ ಉಂಗುರ, ಗಡಿಯಾರ ತೆಗೆದಿಟ್ಟು, ಇನ್ಸುಲೇಶನ್ ಇರುವ ಸ್ಪ್ಯಾನರನ್ನೇ ಬಳಸಿ. 48 ವೋಲ್ಟ್ ಸಾಮಾನ್ಯವಾಗಿ ಶಾಕ್ ಕೊಡದು ನಿಜ. ಆದರೆ ಸ್ಪ್ಯಾನರ್ ಎರಡು ಟರ್ಮಿನಲ್ ಮೇಲೆ ಅಡ್ಡ ಬಿದ್ದರೆ ಸಾವಿರಾರು ಆಂಪಿಯರ್ ಹರಿದು ಲೋಹವೇ ಕರಗುತ್ತದೆ.

ಪ್ರಶ್ನೆ (ಕಾರವಾರ): ನಮ್ಮ ಸಬ್‌ಸ್ಟೇಷನ್ನಿನ 110 ವೋಲ್ಟ್ ಡಿಸಿಯಲ್ಲಿ ಜೋರು ಮಳೆ ಬಂದಾಗಲೆಲ್ಲ ‘ಅರ್ಥ್ ಫಾಲ್ಟ್’ ಬರುತ್ತದೆ, ಬಿಸಿಲು ಬಿದ್ದರೆ ಹೋಗುತ್ತದೆ. ಯಾವ ಬ್ರೇಕರಿಗೂ ತೊಂದರೆಯಾಗಿಲ್ಲ. ರೀಸೆಟ್ ಮಾಡುತ್ತಿದ್ದರೆ ಸಾಕೆ?

ಉತ್ತರ: ಸಾಲದು. ಬ್ರೇಕರುಗಳನ್ನು ಬೀಳಿಸುವ ಈ ಡಿಸಿಯ ಪಾಸಿಟಿವ್, ನೆಗೆಟಿವ್ ಎರಡೂ ನೆಲದಿಂದ ಬೇರೆಯಾಗಿರುತ್ತವೆ. ಆದ್ದರಿಂದ ಒಂದು ಕಡೆ ಮಾತ್ರ ನೆಲಕ್ಕೆ ತಾಗಿದರೆ ಕೆಲಸ ನಿಲ್ಲುವುದಿಲ್ಲ. ಅಪಾಯ ಎರಡನೆಯದು ತಾಗಿದಾಗ. ಈಗಾಗಲೇ ಪಾಸಿಟಿವ್ ನೆಲಕ್ಕೆ ತಾಗಿದ್ದು, ರಿಲೇ (ಫಾಲ್ಟ್ ಕಂಡಾಗ ಆಜ್ಞೆ ಕೊಡುವ ಸ್ವಿಚ್) ಕಾಂಟ್ಯಾಕ್ಟಿಗೂ ಬ್ರೇಕರನ್ನು ಬೀಳಿಸುವ ಟ್ರಿಪ್ ಕಾಯಿಲಿಗೂ ನಡುವಿನ ವೈರ್ ಕೂಡ ತಾಗಿತೆನ್ನಿ: ಯಾರೂ ಹೇಳದೆ ಬ್ರೇಕರ್ ಬೀಳಬಹುದು. ಪಾಸಿಟಿವ್ ಬದಲು ನೆಗೆಟಿವ್ ತಾಗಿದ್ದರೆ, ಲೈನಿನಲ್ಲಿ ನಿಜವಾದ ಫಾಲ್ಟ್ ಬಂದಾಗ ಫ್ಯೂಸ್ ಹಾರಿ ಬ್ರೇಕರ್ ಬೀಳದೇ ಉಳಿಯಬಹುದು. ಇದು ಮೊದಲಿನದಕ್ಕಿಂತ ಭಯಂಕರ.

ಮಳೆ ಬರುತ್ತಿರುವಾಗಲೇ, ಅಲಾರಂ ಇನ್ನೂ ಇರುವಾಗಲೇ ಅಳೆಯಿರಿ. 55 ಸೆಲ್ಲಿನ ಬ್ಯಾಟರಿ ಫ್ಲೋಟಿನಲ್ಲಿ ಸುಮಾರು 124 ವೋಲ್ಟ್ ಇರುತ್ತದೆ. ಮಧ್ಯಬಿಂದುವನ್ನು ರೆಸಿಸ್ಟರ್ ಮೂಲಕ ನೆಲಕ್ಕೆ ಜೋಡಿಸಿದ ವ್ಯವಸ್ಥೆಯಲ್ಲಿ ಎಲ್ಲ ಸರಿಯಿದ್ದರೆ ನೆಲದಿಂದ ಪಾಸಿಟಿವಿಗೂ ನೆಗೆಟಿವಿಗೂ ತಲಾ 62ರ ಆಸುಪಾಸು ಬರುತ್ತದೆ. ಪಾಸಿಟಿವಿಗೆ 15, ನೆಗೆಟಿವಿಗೆ 109 ಬಂದರೆ ಸೋರುತ್ತಿರುವುದು ಪಾಸಿಟಿವ್ ಕಡೆ. ಯಾವ ಕಡೆ ಕಡಿಮೆಯೋ ಆ ಕಡೆಯೇ ಫಾಲ್ಟ್ ಎಂದು ನೆನಪಿಡಿ. ಅಳತೆಗೆ ಡಿಜಿಟಲ್ ಮಲ್ಟಿಮೀಟರೇ ಬೇಕು, ಟೆಸ್ಟ್ ಲ್ಯಾಂಪ್ ಬೇಡ. ಆ ಬಲ್ಬೇ ಎರಡನೆಯ ಅರ್ಥ್ ಆಗಿಬಿಡುತ್ತದೆ.

ಮಳೆಗೆ ಬಂದು ಬಿಸಿಲಿಗೆ ಹೋಗುವ ಫಾಲ್ಟ್ ಸಾಮಾನ್ಯವಾಗಿ ಹೊರಾಂಗಣದ ಪೆಟ್ಟಿಗೆಗಳಲ್ಲೇ ಇರುತ್ತದೆ: ವೈರುಗಳು ಕೂಡುವ ಮಾರ್ಷಲಿಂಗ್ ಬಾಕ್ಸ್, ಟ್ರಾನ್ಸ್‌ಫಾರ್ಮರಿನ ಒಳಗಿನ ಫಾಲ್ಟ್ ಹಿಡಿಯುವ ಬುಖೋಲ್ಜ್ ರಿಲೇಯ ಟರ್ಮಿನಲ್, ಆಯಿಲ್ ಗೇಜಿನ ಸ್ವಿಚ್. ಪೆಟ್ಟಿಗೆಯ ಬಾಗಿಲಿನ ರಬ್ಬರ್ ಸೀಳಿದೆಯೇ, ಕೇಬಲ್ ಗ್ಲ್ಯಾಂಡ್ ಸಡಿಲವೇ, ಖಾಲಿ ತೂತುಗಳಿಗೆ ಮುಚ್ಚಳ ಇದೆಯೇ, ಹೀಟರ್ ಬೆಚ್ಚಗಿದೆಯೇ ನೋಡಿ. ಅಡಿಯಲ್ಲಿ ನೀರು ಇಳಿಯುವ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುವುದುಂಟು, ನೀರು ಒಳಗೇ ನಿಲ್ಲುತ್ತದೆ. ಟರ್ಮಿನಲ್ ಪಟ್ಟಿಯ ಮೇಲೆ ಕೂತ ಉಪ್ಪು ಒಣಗಿದ್ದಾಗ ಸುಮ್ಮನಿರುತ್ತದೆ, ತೇವ ತಗುಲಿದೊಡನೆ ಕರೆಂಟು ಹರಿಸುತ್ತದೆ. ಕಾರವಾರದಲ್ಲಿ ಇದನ್ನು ಮರೆಯುವಂತಿಲ್ಲ. ಆ ಸರ್ಕ್ಯೂಟಿನ ಡಿಸಿ ತೆಗೆದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿ.

ಫಾಲ್ಟ್ ಹುಡುಕಲು ಡಿಸಿ ಸ್ವಿಚ್ಚುಗಳನ್ನು ಒಂದೊಂದಾಗಿ ತೆಗೆಯುವ ಅಭ್ಯಾಸವಿದೆ. ತೆಗೆದ ಕ್ಷಣದಲ್ಲಿ ಆ ಫೀಡರಿನ ರಕ್ಷಣೆಯೂ ಹೋಗುತ್ತದೆ. ಇದು ಅನುಮತಿ ಪಡೆದು, ಜವಾಬ್ದಾರಿ ಇರುವವರ ಎದುರಿಗೆ ಮಾಡುವ ಕೆಲಸ. ಲೀಕೇಜ್ ಪತ್ತೆಯ ಕ್ಲ್ಯಾಂಪ್ ಸಿಕ್ಕರೆ ಏನನ್ನೂ ತೆಗೆಯದೆ ಹುಡುಕಬಹುದು.

ಪ್ರಶ್ನೆ (ಶಿರಸಿ): ನಮ್ಮ ಪ್ಲಾಂಟಿನಲ್ಲಿ ‘ಟೆಂಪರೇಚರ್ ಸೆನ್ಸರ್ ಫೇಲ್’ ಬರುತ್ತಿದೆ. ಕೋಣೆ ತಂಪಾಗಿಸುವ ಎಸಿ ಚೆನ್ನಾಗಿ ನಡೆಯುತ್ತಿದೆ, ಸೆನ್ಸರ್ ಕಿತ್ತುಹಾಕಬಹುದೇ?

ಉತ್ತರ: ಬೇಡ. ಅದು ಕೋಣೆಗಲ್ಲ, ಬ್ಯಾಟರಿಗೆ. ಬ್ಯಾಟರಿ ಬಿಸಿಯಾದಷ್ಟೂ ಚಾರ್ಜಿಂಗ್ ವೋಲ್ಟೇಜ್ ಇಳಿಸಬೇಕು: ಡಿಗ್ರಿಗೆ ಸೆಲ್ಲೊಂದಕ್ಕೆ 3 ಮಿಲಿವೋಲ್ಟ್ ಎಂದಿಟ್ಟರೆ 24 ಸೆಲ್ಲಿಗೆ 72. ಹತ್ತು ಡಿಗ್ರಿ ಏರಿದರೆ 54.0 ಇದ್ದದ್ದು 53.28ಕ್ಕೆ ಇಳಿಯಬೇಕು. ಸೆನ್ಸರ್ ಇಲ್ಲದಿದ್ದರೆ ಈ ಇಳಿಕೆ ಆಗುವುದಿಲ್ಲ. ಬಹುಪಾಲು ವೈರ್ ತುಂಡಾಗಿರುತ್ತದೆ, ಇಲಿಗಳ ಕೆಲಸವೂ ಇರಬಹುದು. ಹೊಸದನ್ನು ಸಾಲಿನ ನಡುವಿನ ಸೆಲ್ಲಿಗೆ ಅಂಟಿಸಿ, ಗೋಡೆಗಲ್ಲ.

ಪ್ರಶ್ನೆ (ಕುಮಟಾ): ಸೈಟ್ ಪೂರ್ತಿ ಬಂದ್ ಆದಾಗ ಕಂಟ್ರೋಲ್ ರೂಮಿಗೆ ಯಾವ ಅಲಾರಮ್ಮೂ ಹೋಗಲಿಲ್ಲ. ಏಕೆ?

ಉತ್ತರ: ನಿಮ್ಮ ಅಲಾರಂ ರಿಲೇ ತಪ್ಪು ಆದಾಗ ಎಳೆದುಕೊಳ್ಳುವಂತೆ ಜೋಡಿಸಿರಬೇಕು. ಪ್ಲಾಂಟೇ ಸತ್ತರೆ ಎಳೆಯಲು ಶಕ್ತಿ ಎಲ್ಲಿಂದ? ಎಲ್ಲ ಸರಿಯಿದ್ದಾಗ ರಿಲೇ ಎಳೆದುಕೊಂಡಿದ್ದು, ತಪ್ಪಾದಾಗ ಬಿಡುವಂತೆ ಕಂಟ್ರೋಲರಿನಲ್ಲಿ ಬದಲಿಸಿ. ಸಿಗ್ನಲ್ ಕಳಿಸುವ ಉಪಕರಣಕ್ಕೆ ಬೇರೆಯೇ ಚಿಕ್ಕ ಬ್ಯಾಟರಿ ಕೊಡಿ. ಸರಿಯಿದ್ದಾಗ ಮುಚ್ಚಿರುವ ಕಾಂಟ್ಯಾಕ್ಟಿನ ಜೋಡಿ ಆರಿಸಿಕೊಂಡರೆ ವೈರ್ ತುಂಡಾದರೂ ಅಲಾರಂ ಬರುತ್ತದೆ. ಬದಲಿಸಿದ ಮೇಲೆ ಅಲಾರಮ್ಮಿನ ವೈರನ್ನು ಒಮ್ಮೆ ಕಳಚಿ, ಕಂಟ್ರೋಲ್ ರೂಮಿನಲ್ಲಿರುವವರಿಗೆ ಫೋನ್ ಮಾಡಿ ಕೇಳಿ.