ಕಾರ್ಗಿಲ್ ಯುದ್ಧದಲ್ಲಿ ಮಡಿದ ಹೆಲಿಕಾಪ್ಟರ್ ಸಿಬ್ಬಂದಿ ಯಾರು? ಅವರನ್ನು ಹೇಗೆ ನೆನೆಯುತ್ತಾರೆ?

1999ರ ಮೇ 28ರಂದು ತೋಲೋಲಿಂಗ್ ಶಿಖರದ ಮೇಲೆ ರಾಕೆಟ್ ದಾಳಿಗೆ ಹೋಗಿದ್ದ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ ಒಂದು, ಹೆಗಲ ಮೇಲಿಟ್ಟು ಹಾರಿಸುವ ಸ್ಟಿಂಗರ್ ಕ್ಷಿಪಣಿಗೆ ಬಲಿಯಾಯಿತು. ಒಳಗಿದ್ದ ನಾಲ್ವರೂ ಉಳಿಯಲಿಲ್ಲ: ಸ್ಕ್ವಾಡ್ರನ್ ಲೀಡರ್ ರಾಜೀವ್ ಪುಂಡೀರ್, ಫ್ಲೈಟ್ ಲೆಫ್ಟಿನೆಂಟ್ ಎಸ್. ಮುಹಿಲನ್, ಸಾರ್ಜೆಂಟ್‌ಗಳಾದ ಪಿ.ವಿ.ಎನ್.ಆರ್. ಪ್ರಸಾದ್ ಮತ್ತು ಆರ್.ಕೆ. ಸಾಹು. ಕ್ಷಿಪಣಿಯ ದಾರಿ ತಪ್ಪಿಸುವ ಫ್ಲೇರ್‌ಗಳು ಆ ಹೆಲಿಕಾಪ್ಟರ್‌ನಲ್ಲಿ ಇರಲಿಲ್ಲ. ಗೊತ್ತಿದ್ದೂ ಹೋದರು, ಅದೇ ನನ್ನನ್ನು ಜಾಸ್ತಿ ಕಾಡುತ್ತದೆ. ಆಮೇಲೆ ವಾಯುಪಡೆ ಎಂಐ-17ಗಳನ್ನು ಇಂಥ ದಾಳಿಗೆ ಬಳಸುವುದನ್ನೇ ನಿಲ್ಲಿಸಿತು.

ಅವರ ಘಟಕದ ನೆಲೆ ಉತ್ತರ ಪ್ರದೇಶದ ಸರಸಾವಾ. 2019ರಲ್ಲಿ, ಇಪ್ಪತ್ತು ವರ್ಷ ತುಂಬಿದಾಗ, ಅಲ್ಲಿ ಎಂಐ-17ಗಳು ‘ಮಿಸ್ಸಿಂಗ್ ಮ್ಯಾನ್’ ಹಾರಾಟ ನಡೆಸಿದವು. ಸಾಲಿನಲ್ಲಿ ಒಂದು ಜಾಗ ಖಾಲಿ ಬಿಟ್ಟು ಹಾರುವ ಗೌರವ ಇದು. ಮುಂದಾಳಾಗಿ ಹಾರಿದವರು ವಾಯುಪಡೆಯ ಪಶ್ಚಿಮ ಕಮಾಂಡ್‌ನ ಆಗಿನ ಮುಖ್ಯಸ್ಥ ಆರ್. ನಂಬಿಯಾರ್. ನಾಲ್ವರಿಗೂ ಮರಣೋತ್ತರವಾಗಿ ವಾಯುಸೇನಾ ಪದಕ ಸಿಕ್ಕಿದೆ.