ನೀರು ನಮ್ಮದು, ಪ್ಲ್ಯಾನ್ ದಿಲ್ಲಿದ್ಯಾಕ?

ಪ್ರಶ್ನೆ: ಸರ್ರ, ನಮ್ಮೂರು ಬೀಳಗಿ ಹತ್ರ, ಅರ್ಧ ಹೊಲ ಹಿನ್ನೀರಾಗ ಹೋಗೇತಿ. ನೀರು ರಾಜ್ಯದ ವಿಷಯ ಅಂತಾರ, ಮತ್ತ ಕೃಷ್ಣಾ ಪ್ಲ್ಯಾನಿಂಗ್‌ನ್ಯಾಗ ಕೇಂದ್ರ ಯಾಕ ಕೈ ಹಾಕ್ತೈತಿ? ರಾಜ್ಯ ಬ್ಯಾಡ ಅಂದ್ರ ಮುಗೀತಲ್ಲ?

ಉತ್ತರ: ಮುಗಿಯೂದಿಲ್ರಿ. ಸಂವಿಧಾನದ ರಾಜ್ಯಪಟ್ಟಿಯ 17ನೇ ನಮೂದಿನ್ಯಾಗ ನೀರು, ಕಾಲುವೆ, ನೀರಾವರಿ ಎಲ್ಲಾ ರಾಜ್ಯಕ್ಕ ಕೊಟ್ಟಾರ ಖರೆ, ಆದ್ರ ಅದಕ್ಕೊಂದು ಬಾಲಾನೂ ಹಚ್ಯಾರ, ಕೇಂದ್ರಪಟ್ಟಿಯ 56ನೇ ನಮೂದಿಗೆ ಒಳಪಟ್ಟು ಅಂತ, ಅಂದ್ರ ಎರಡ್ಮೂರು ರಾಜ್ಯದಾಗ ಹರಿಯೂ ನದಿ ಅಭಿವೃದ್ಧಿಯನ್ನ ಪಾರ್ಲಿಮೆಂಟ್ ಕಾನೂನು ಮಾಡಿ ತನ್ನ ಕೈಗೆ ತಗೋಬಹುದು. 1956ರಾಗ ನದಿ ಮಂಡಳಿ ಕಾಯ್ದೆ ತಂದ್ರು, ಅದೂ ಬರೇ ಸಲಹೆ ಕೊಡೂ ಮಂಡಳಿ, ಆದ್ರೂ ಅದರಡಿ ಒಂದ ಒಂದು ಮಂಡಳಿ ಆಗ್ಲಿಲ್ಲ. ರಾಜ್ಯಗಳಿಗೆ ಅಂಜಿಕಿ ಇರೂದು ಒಂದ, ಇವತ್ತು ಸಲಹೆ ಅಂತ ಬಂದವ್ರು ನಾಳೆ ಗೇಟಿನ ಕೀಲಿ ಕೇಳಿದ್ರ? ಅದು ಸುಳ್ಳ ಅಂಜಿಕಿ ಅಂತ ನಾನೂ ಅನ್ನೂದಿಲ್ಲ.

ಆದ್ರ ಮಜಾ ನೋಡ್ರಿ, ನಮ್ಮ ಆಲಮಟ್ಟಿ ವಿಷಯಕ್ಕ ಬಂದ್ರ ನಾವ ದಿಲ್ಲಿ ಬಾಗಿಲಾ ಬಡೀತೀವಿ! 2010ರಾಗ ರಾಜ್ಯಗಳಿಗೆ ನೀರು ಹಂಚೂ ಎರಡನೇ ಕೃಷ್ಣಾ ನ್ಯಾಯಮಂಡಳಿ ಡ್ಯಾಮಿನ ನೀರಿನ ಮಟ್ಟ 519.6 ಮೀಟರ್‌ದಿಂದ 524.256ಕ್ಕ ಏರಿಸಬಹುದು ಅಂತು, ಆದ್ರ 2011ರಾಗ ಸುಪ್ರೀಂ ಕೋರ್ಟ್ ತಡದದ್ದಕ್ಕ, ಆ ತೀರ್ಪು ಜಾರಿಗೆ ಕೇಂದ್ರ ಹೊರಡಿಸಬೇಕಾದ ಗೆಜೆಟ್ ಅಧಿಸೂಚನೆ ನಿಂತೇತಿ. ಆ ಕಡೆ ಮಹಾರಾಷ್ಟ್ರ ಸಾಂಗ್ಲಿ, ಕೊಲ್ಹಾಪುರ ಮುಳುಗ್ತಾವ ಅಂತೈತಿ, ಅವ್ರಿಗೆ ಅವ್ರದು. ಅಂದ್ರ ಕೇಂದ್ರ ಬ್ಯಾಡ ಅನ್ನೂದು, ಬೇಕು ಅನ್ನೂದು, ಎರಡೂ ಮ್ಯಾಲಿನೂರೋ ಕೆಳಗಿನೂರೋ ಅನ್ನೂದ್ರ ಮ್ಯಾಲ ಐತಿ. ನಿಮ್ಮ ಹೊಲದ ಪರಿಹಾರ ಮಾತ್ರ ರಾಜ್ಯದ್ದ ಜವಾಬ್ದಾರಿ, ಅದಕ್ಕ ದಿಲ್ಲಿ ಕಡೆ ಬೊಟ್ಟು ಮಾಡಿದ್ರ ಬಿಡಬ್ಯಾಡ್ರಿ.