ಪ್ರ: ಹಂಪಿಯಲ್ಲಿ ಬುಡಕಟ್ಟು ಅಧ್ಯಯನಕ್ಕೆ ಬೇರೆ ವಿಭಾಗವೇಕೆ?

ಜಾನಪದ ವಿಭಾಗ ಇರುವಾಗ ಬುಡಕಟ್ಟಿಗೆ ಇನ್ನೊಂದೇಕೆ ಎಂದು ಕೇಳಿದ್ದೀರಿ. ಇದರ ಬೇರು ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಹುಟ್ಟಿನಲ್ಲೇ ಇದೆ. 1991ರಲ್ಲಿ ಅದು ಆರಂಭವಾದಾಗ ಮೊದಲ ಕುಲಪತಿ ಚಂದ್ರಶೇಖರ ಕಂಬಾರರು. ಪದವಿ ಹಂಚುವುದಕ್ಕಿಂತ ಸಂಶೋಧನೆಯೇ ಮುಖ್ಯ ಎಂಬ ನಿಲುವು. ನಾಡಿನ ಬದುಕೆಲ್ಲ ಅಧ್ಯಯನದ ವಸ್ತುವಾದ ಮೇಲೆ ಸೋಲಿಗರು, ಜೇನುಕುರುಬರು, ಹಕ್ಕಿಪಿಕ್ಕಿಗಳಂಥ ಬುಡಕಟ್ಟುಗಳನ್ನು ಹೊರಗಿಡುವುದು ಹೇಗೆ?

ಜಾನಪದ ಹೆಚ್ಚಾಗಿ ಹಾಡು, ಕಥೆ, ಕುಣಿತವನ್ನು ನೋಡುತ್ತದೆ. ಸೋಲಿಗರ ಹಾಡನ್ನು ಬರೆದುಕೊಂಡು ಬಂದರೆ ಸಾಲದು. ಅವರ ಕಾಡಿನ ಹಕ್ಕು, ಕುಲಪದ್ಧತಿ, ಮದ್ದಿನ ತಿಳಿವು, ಒಕ್ಕಲೆಬ್ಬಿಸಿದ ನೋವು ಇವೆಲ್ಲ ಹಾಡಿನ ಹೊರಗೇ ಉಳಿಯುತ್ತವೆ. ನನ್ನ ಮಟ್ಟಿಗೆ ಪ್ರತ್ಯೇಕ ವಿಭಾಗಕ್ಕೆ ಇದೊಂದೇ ಕಾರಣ ಸಾಕು. ಬುಡಕಟ್ಟು ಜನರ ‘ಸಂರಕ್ಷಣೆ’ ಎಂಬ ಮಾತು ಮಾತ್ರ ನನಗೆ ಅಷ್ಟಾಗಿ ಹಿಡಿಸುವುದಿಲ್ಲ, ಅವರೇನು ಉಪ್ಪಿನಕಾಯಿಯೇ?